ಬೀಗ, ಗ್ಯಾಸು, ಚಪ್ಪಲಿ

ನಾನು ಕೆಲಸ ಮಾಡುವುದು ಅಗ್ನಿಶಾಮಕ ಠಾಣೆಯಲ್ಲಿ. ಹಾಗೆಂದ ಕೂಡಲೇ ಎದುರಿನವರ ಮುಖ ಅರಳುತ್ತದೆ. ಅರಳಿದ ಮುಖ ಬಾಡುವ ಮುಂಚೆ ಮಾತು ಬದಲಿಸುವುದನ್ನು ಕಲಿತಿದ್ದೇನೆ, ಏಕೆಂದರೆ ಮುಂದಿನ ಪ್ರಶ್ನೆ "ಎಷ್ಟು ಕಡೆ ಬೆಂಕಿ ಆರಿಸಿದ್ದೀಯ?" ಎಂಬುದು. ಆರು ವರ್ಷದ ಸೇವೆಯಲ್ಲಿ ನಾನು ಆರಿಸಿದ್ದು ಠಾಣೆಯ ಅಡುಗೆಮನೆಯ ಒಲೆಯನ್ನು ಮಾತ್ರ. ಅದನ್ನು ಹಚ್ಚಿಟ್ಟು ಮರೆತವನೂ ನಾನೇ.

ನಾನು ಆಂಬುಲೆನ್ಸಿನವನು. ನಮ್ಮ ಕಡೆ ಆಂಬುಲೆನ್ಸು ಆಸ್ಪತ್ರೆಯ ಸ್ವತ್ತಲ್ಲ, ಅಗ್ನಿಶಾಮಕ ಇಲಾಖೆಯದು. ಠಾಣೆಯ ಗ್ಯಾರೇಜಿನಲ್ಲಿ ಎರಡು ಕೆಂಪು ಗಾಡಿ, ಒಂದು ಏಣಿ ಗಾಡಿ, ಕೊನೆಯ ಮೂಲೆಯಲ್ಲಿ ನಮ್ಮದೊಂದು ಬಿಳಿ ಗಾಡಿ. ವರ್ಷದಲ್ಲಿ ಕೆಂಪು ಗಾಡಿಗಳು ಬೆಂಕಿಗೆಂದು ಹೊರಡುವುದು ಅರವತ್ತು ಸಲವಾದರೆ ನಾವು ಹೊರಡುವುದು ಎರಡು ಸಾವಿರದ ಮೇಲೆ. ಆದರೂ ಶಾಲೆಯ ಮಕ್ಕಳು ಠಾಣೆ ನೋಡಲು ಬಂದರೆ ಫೋಟೋ ತೆಗೆಸಿಕೊಳ್ಳುವುದು ಕೆಂಪು ಗಾಡಿಯ ಜೊತೆ. ನಮ್ಮ ಗಾಡಿಯ ಹತ್ತಿರ ಬರುವ ಮಗು ಒಂದೋ ದಾರಿ ತಪ್ಪಿರುತ್ತದೆ, ಇಲ್ಲವೇ ಅದಕ್ಕೆ ವಾಂತಿ ಬರುತ್ತಿರುತ್ತದೆ.

ಜಪಾನಿನ ಕಾಗಾವಾ ಸೀಮೆಯ ನಾವು ಮಧ್ಯಾಹ್ನ ಉದೋನ್ ಇಲ್ಲದೆ ಬದುಕುವವರಲ್ಲ. ಠಾಣೆಯಲ್ಲೂ ಸರದಿಯ ಮೇಲೆ ಯಾರಾದರೊಬ್ಬರು ದೊಡ್ಡ ಪಾತ್ರೆಯಲ್ಲಿ ಆ ದಪ್ಪ ಶಾವಿಗೆಯನ್ನು ಬೇಯಿಸುತ್ತಾರೆ. ಕೆಂಪು ಗಾಡಿಯವರು ಅದನ್ನು ಬಿಸಿಬಿಸಿಯಾಗಿ ಸೊರ್ ಎಂದು ಎಳೆದುಕೊಳ್ಳುವಾಗ ನಮಗೆ ಕರೆ ಬರುತ್ತದೆ. ಒಂದೂವರೆ ಗಂಟೆ ಬಿಟ್ಟು ವಾಪಸ್ ಬಂದರೆ ಬಟ್ಟಲಿನ ಸಾರೆಲ್ಲ ಕುಡಿದು ಶಾವಿಗೆ ಬೆರಳಿನ ಗಾತ್ರಕ್ಕೆ ಊದಿರುತ್ತದೆ. ಸರಿಯಾಗಿ ಬೆಂದ ಉದೋನಿನ ರುಚಿ ನನಗೆ ರಜೆಯ ದಿನಗಳಿಂದ ಮಾತ್ರ ಗೊತ್ತು.

ಈ ಬಿಳಿ ಗಾಡಿಯ ಕ್ಯಾಪ್ಟನ್ ಮಿತಾನಿ ಮಿಸಾವೊ. ಐವತ್ತೆರಡು ವರ್ಷ. ಎತ್ತರ ನನ್ನ ಎದೆಯವರೆಗೆ, ದನಿ ಮಾತ್ರ ಏಣಿ ಗಾಡಿಯ ತುದಿ ಮುಟ್ಟುವಷ್ಟು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇಲಾಖೆಗೆ ಸೇರಿದ ಮೊದಲ ಹೆಂಗಸು ಅವರೇ. ಹೆಂಗಸಿನ ಕೈಗೆ ಪೈಪು ಕೊಡುವುದೋ ಬೇಡವೋ ಎಂದು ಹಿರಿಯರು ತಲೆ ಕೆರೆದುಕೊಳ್ಳುತ್ತಿದ್ದಾಗ ಇವರು ಸ್ಟ್ರೆಚರಿನ ತುದಿ ಹಿಡಿದರಂತೆ. ಆಮೇಲೆ ಬಿಡಲೇ ಇಲ್ಲ. ಪ್ಯಾರಾಮೆಡಿಕ್ ಪರೀಕ್ಷೆ ಪಾಸು ಮಾಡಿದರು, ಕ್ಯಾಪ್ಟನ್ ಆದರು. ಪೈಪನ್ನು ಇವರೂ ಕೇಳಲಿಲ್ಲ, ಹಿರಿಯರೂ ಕೊಡಲಿಲ್ಲ.

ಗಾಡಿ ಓಡಿಸುವವರು ಓನಿಶಿಯಣ್ಣ. ಮುಂಚೆ ಕೆಂಪು ಗಾಡಿಯಲ್ಲಿದ್ದವರು, ಸೊಂಟ ಹಿಡಿದುಕೊಂಡ ಮೇಲೆ ನಮ್ಮ ಕಡೆ ಬಂದವರು. ಮೂರನೆಯವನು ನಾನು, ಮನಾಬೆ, ಇಪ್ಪತ್ತೇಳು ವರ್ಷ. ಚೀಲ ಹೊರುವುದು, ರಕ್ತದೊತ್ತಡ ನೋಡುವುದು, ಬೈಸಿಕೊಳ್ಳುವುದು ನನ್ನ ಕೆಲಸ.

ಮಿತಾನಿ ಕ್ಯಾಪ್ಟನ್ನರಿಗೆ ಒಂದು ಪಾಠವಿದೆ. ರೋಗಿಯನ್ನು ಸ್ಟ್ರೆಚರಿಗೆ ಹಾಕಿ ಹೊರಡುವ ಹೊತ್ತಿಗೆ, ಎಷ್ಟೇ ಅವಸರವಿರಲಿ, ಹಿಂದೆ ತಿರುಗದೆ ಕೂಗುತ್ತಾರೆ: "ಬೀಗ, ಗ್ಯಾಸು, ಚಪ್ಪಲಿ!" ಮನೆಗೆ ಬೀಗ ಹಾಕಿದ್ದಾಯಿತೇ, ಗ್ಯಾಸ್ ಆರಿಸಿದ್ದಾಯಿತೇ, ರೋಗಿಯ ಚಪ್ಪಲಿ ತೆಗೆದುಕೊಂಡದ್ದಾಯಿತೇ ಎಂದು. ಮೊದಲಿನ ಎರಡನ್ನು ಎಲ್ಲರೂ ಒಪ್ಪುತ್ತಾರೆ. ಮೂರನೆಯದರ ಬಗ್ಗೆ ಠಾಣೆಯಲ್ಲಿ ಹಾಸ್ಯವಿತ್ತು. ನಮ್ಮ ಜನ ಮನೆಯೊಳಗೆ ಬರಿಗಾಲಲ್ಲಿರುವವರು. ಸ್ಟ್ರೆಚರಿನ ಮೇಲೆ ಹೋಗುವವನಿಗೆ ಚಪ್ಪಲಿ ಯಾಕೆ?

ಠಾಣಾಧಿಕಾರಿ ಮಿಯಾವಾಕಿಯವರಂತೂ ಒಮ್ಮೆ ಸಭೆಯಲ್ಲೇ ಅಂದಿದ್ದರು, "ನಿಮ್ಮ ಗಾಡಿ ಪ್ರತಿ ಮನೆಯಲ್ಲಿ ಇಪ್ಪತ್ತು ಸೆಕೆಂಡು ಹೆಚ್ಚು ನಿಲ್ಲುತ್ತೆ. ನಮ್ಮದು ಅಗ್ನಿಶಾಮಕ ಇಲಾಖೆ, ಚಪ್ಪಲಿ ಸ್ಟ್ಯಾಂಡ್ ಅಲ್ಲ."

"ಹೌದು ಸಾರ್," ಎಂದರು ಕ್ಯಾಪ್ಟನ್. ಮರುದಿನ ಮತ್ತೆ "ಬೀಗ, ಗ್ಯಾಸು, ಚಪ್ಪಲಿ!"

ಕಾರಣವನ್ನು ಅವರು ಹೇಳಿದ್ದು ಒಂದೇ ಸಲ, ಸ್ಟ್ರೆಚರ್ ಒರೆಸುತ್ತ. ಅವರಪ್ಪ ಹಡಗುಕಟ್ಟೆಯಲ್ಲಿ ಟಿಕೆಟ್ ಕೊಡುತ್ತಿದ್ದವರು. ಒಂದು ದಿನ ಹೊಟ್ಟೆನೋವೆಂದು ಆಂಬುಲೆನ್ಸಿನಲ್ಲಿ ಹೋದರು. ಸಂಜೆಗೆ ನೋವು ಇಳಿಯಿತು, ಮನೆಗೆ ಹೋಗಿ ಎಂದರು. ಕಾಲಿಗೆ ಏನೂ ಇರಲಿಲ್ಲ. ಆಸ್ಪತ್ರೆಯ ಯಾರೋ ಪುಣ್ಯಾತ್ಮರು ಕೊಟ್ಟದ್ದು ಪಾಯಿಖಾನೆಯ ಚಪ್ಪಲಿ, ಮೇಲೆ 'ಪಾಯಿಖಾನೆ' ಎಂದು ಬರೆದದ್ದು. ಅದನ್ನು ಮೆಟ್ಟಿಕೊಂಡು ಅವರು ಬಸ್ಸು ಹತ್ತಿದರು, ದಿನಾ ತಮ್ಮಿಂದ ಟಿಕೆಟ್ ಕೊಳ್ಳುವವರ ನಡುವೆ ಕಟ್ಟೆಯುದ್ದಕ್ಕೂ ನಡೆದು ಮನೆಗೆ ಬಂದರು. ಊರು ಒಂದು ತಿಂಗಳು ನಕ್ಕಿತು. ಮರುವರ್ಷ ಎದೆ ನೋವು ಬಂದಾಗ, "ಆ ಗಾಡಿ ಕರೀಬೇಡಿ, ಬೆಳಿಗ್ಗೆ ಬಸ್ಸಲ್ಲಿ ಹೋಗ್ತೀನಿ" ಅಂದರು. ಬೆಳಿಗ್ಗೆ ಬಸ್ಸಿನ ಅಗತ್ಯ ಬೀಳಲಿಲ್ಲ.

"ಹೋಗೋವಾಗ ಚಪ್ಪಲಿ ಜೊತೇಲಿದ್ರೆ, ವಾಪಸ್ ಬರ್ತೀನಿ ಅಂತ ಮನುಷ್ಯನಿಗೆ ಅನ್ಸುತ್ತೆ ಕಣೋ," ಎಂದು ಬಟ್ಟೆ ಹಿಂಡಿದರು. "ಆ ಮೂಲೆ ಒರೆಸಿಲ್ಲ ನೋಡು."

ಇನ್ನು ನನ್ನ ಕಷ್ಟಕ್ಕೆ ಬರುತ್ತೇನೆ. ಪ್ಯಾರಾಮೆಡಿಕ್ ಆಗಬೇಕಾದರೆ ಆರು ತಿಂಗಳ ತರಬೇತಿ ಶಾಲೆಗೆ ಹೋಗಬೇಕು. ನಮ್ಮ ಇಲಾಖೆಯಿಂದ ವರ್ಷಕ್ಕೆ ಒಬ್ಬರಿಗೆ ಜಾಗ. ಈ ವರ್ಷ ಕ್ಯಾಪ್ಟನ್ ನನ್ನ ಹೆಸರು ಬರೆದು ಅರ್ಜಿ ಕಳಿಸಿದ್ದರು. ಅದರ ಮೇಲೆ ಠಾಣಾಧಿಕಾರಿಯ ಕೆಂಪು ಮುದ್ರೆ ಬಿದ್ದರೆ ನಾನು ಬಿಳಿ ಗಾಡಿಯಲ್ಲೇ ಉಳಿಯುತ್ತೇನೆ. ಬೀಳದಿದ್ದರೆ ಏಪ್ರಿಲ್ ಒಂದರಿಂದ ಏಣಿ ಗಾಡಿಗೆ ವರ್ಗ.

ಜನವರಿಯಲ್ಲಿ ಮಿಯಾವಾಕಿ ನನ್ನನ್ನು ಕರೆಸಿದರು.

"ಮನಾಬೆ, ತರಬೇತಿ ಮುಗಿದ ಮೇಲೆ ಪೈಪ್ ಹಿಡಿದಿದ್ದೀಯಾ?"

"ಹಿಡಿದಿದ್ದೀನಿ ಸಾರ್."

"ಎಲ್ಲಿ?"

"ಠಾಣೆ ಮುಂದಿನ ಹೂಗಿಡಕ್ಕೆ ಸಾರ್."

ಅವರು ನಗಲಿಲ್ಲ. ಮೂವತ್ತನಾಲ್ಕು ವರ್ಷ ಬೆಂಕಿಯ ಜೊತೆ ಬಾಳಿದ ಮನುಷ್ಯ. ಅಗ್ನಿಶಾಮಕದ ಸಂಬಳ ತಿನ್ನುವವನು ಏಣಿ ಹತ್ತದೆ ನಿವೃತ್ತನಾಗಬಾರದು ಎಂಬುದು ಅವರ ಸಿದ್ಧಾಂತ. "ಮೊದಲು ಏಣಿ ಹತ್ತು, ನೋಡೋಣ," ಎಂದು ಅಂಗಳಕ್ಕೆ ಕರೆದೊಯ್ದರು. ಮೂವತ್ತು ಮೀಟರಿನ ಏಣಿ. ಹದಿನೆಂಟು ಮೀಟರಿನವರೆಗೆ ಹೋದದ್ದು ನೆನಪಿದೆ. ದೂರದಲ್ಲಿ ಸಮುದ್ರ ಕಂಡಿತು, ಅಮ್ಮನ ಮನೆ ಕಂಡಿತು, ಆಮೇಲೆ ಮೆಟ್ಟಿಲನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಇಬ್ಬರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಳಿಸಿದರಂತೆ. ನೆಲ ಮುಟ್ಟಿದ ಸಂತೋಷಕ್ಕೆ ಮೂರ್ಛೆ ಹೋದೆ. ನಮ್ಮದೇ ಸ್ಟ್ರೆಚರು ನನ್ನನ್ನೇ ಹೊತ್ತಿತು. ಕಣ್ಣು ಬಿಟ್ಟಾಗ ವಿಶ್ರಾಂತಿ ಕೋಣೆಯ ಸೋಫಾದ ಪಕ್ಕ ನನ್ನ ಬೂಟುಗಳು, ಮೂತಿ ಬಾಗಿಲ ಕಡೆಗೆ ಮಾಡಿ, ಜೋಡಿಸಿಟ್ಟಿದ್ದವು.

"ಹೆಸರು, ವಯಸ್ಸು, ವಿಳಾಸ ಹೇಳಿ," ಎಂದರು ಮಿತಾನಿ ಕ್ಯಾಪ್ಟನ್, ನಗು ತಡೆದುಕೊಂಡು.

ಅರ್ಜಿ ಠಾಣಾಧಿಕಾರಿಯ ಮೇಜಿನ ಮೇಲೆ ಮುದ್ರೆಯಿಲ್ಲದೆ ಮಲಗಿತು.

ಫೆಬ್ರವರಿಯ ಕೊನೆಯ ಭಾನುವಾರ, ಬೆಳಿಗ್ಗೆ ಹನ್ನೊಂದೂಕಾಲು. ಅಡುಗೆ ಸರದಿ ನನ್ನದು. ಶಾವಿಗೆಯನ್ನು ಆಗಷ್ಟೇ ಕುದಿಯುವ ನೀರಿಗೆ ಬಿಟ್ಟಿದ್ದೆ, ಕರೆ ಬಂತು. ಎಪ್ಪತ್ತೆಂಟು ವರ್ಷದ ಗಂಡಸು. ಗುಡಿಯಲ್ಲಿ ತಿಥಿಗೆ ಬಂದವರು, ಮಂತ್ರ ಮುಗಿದ ಮೇಲೆ ಏಳಲಾಗುತ್ತಿಲ್ಲ, ಕಾಲಿಗೆ ಜೋಮು ಹಿಡಿದಿದೆ.

"ಜೋಮಿಗೆ ಆಂಬುಲೆನ್ಸು!" ಓನಿಶಿಯಣ್ಣ ಗಾಡಿ ತಿರುಗಿಸುತ್ತ ಗೊಣಗಿದರು. "ನಾಳೆ ಬಿಕ್ಕಳಿಕೆಗೂ ಕರೀತಾರೆ."

"ಬಿಕ್ಕಳಿಕೆಗೆ ಹೋದ ವರ್ಷವೇ ಹೋಗಿದ್ವಲ್ಲ ಅಣ್ಣ," ಎಂದೆ.

"ಇಬ್ಬರೂ ಬಾಯಿ ಮುಚ್ಚಿ," ಎಂದರು ಕ್ಯಾಪ್ಟನ್. ಅವರು ಕೈಗವಸು ಹಾಕಿಕೊಂಡಾಗಿತ್ತು.

ಗುಡಿಯ ಬಾಗಿಲಲ್ಲಿ ನಲವತ್ತು ಜೊತೆ ಕಪ್ಪು ಶೂ. ತಿಥಿಗೆ ಎಲ್ಲರೂ ಕಪ್ಪೇ ಹಾಕಿಕೊಂಡು ಬರುವುದು. ಯಾರೋ ಮರ್ಯಾದಸ್ಥ ಹೆಂಗಸರು ಅಷ್ಟನ್ನೂ ಹೊರಮುಖವಾಗಿ ತಿರುಗಿಸಿ, ಮೆರವಣಿಗೆಗೆ ನಿಲ್ಲಿಸಿದ ಹಾಗೆ ನಾಲ್ಕು ಸಾಲು ಮಾಡಿದ್ದರು. ಬೂಟಿನ ಜಿಪ್ಪು ಎಳೆದು ಮೂರು ಸೆಕೆಂಡಿನಲ್ಲಿ ಕ್ಯಾಪ್ಟನ್ ಒಳಗಿದ್ದರು. ನನಗೆ ಎಂದಿನಂತೆ ಎಂಟು ಸೆಕೆಂಡು.

ಒಳಗಿನಿಂದ ಕಪ್ಪು ಸೂಟು, ಕಪ್ಪು ಟೈ ಕಟ್ಟಿದ ಒಬ್ಬರು ಎದುರು ಬಂದರು. ನೋಡಿದರೆ ಮಿಯಾವಾಕಿ. ಅವರ ತಂದೆಯ ತಿಥಿಯೇ ಅದು.

"ಯಾರು ನಿಮ್ಮನ್ನ ಕರೆದಿದ್ದು?" ಎಂದರು, ಕಿವಿ ಕೆಂಪಾಗಿತ್ತು. "ನಮ್ಮ ಚಿಕ್ಕಪ್ಪಂಗೆ ಪ್ರತಿ ತಿಥೀಲೂ ಜೋಮು ಹಿಡಿಯುತ್ತೆ. ಅಗ್ನಿಶಾಮಕದವನ ಮನೆಯವರೇ ಜೋಮಿಗೆ ಆಂಬುಲೆನ್ಸ್ ಕರೆದ್ರು ಅಂದ್ರೆ ನಾಳೆ ನಾನು ಮುಖ ತೋರ್ಸೋದು ಹೇಗೆ?"

"ನಾನೇ ಕರೆದೆ," ಎಂದರು ಗುಡಿಯ ಗುರುಗಳ ಹೆಂಡತಿ. "ಅವರ ಮುಖ ಯಾಕೋ ಸರಿ ಕಾಣ್ಲಿಲ್ಲ."

ಆ ಚಿಕ್ಕಪ್ಪ, ಕ್ಯೂಹೇ ಅಜ್ಜ, ನಮ್ಮೂರ ಕೈಗವಸು ಕಾರ್ಖಾನೆಯಲ್ಲಿ ಐವತ್ತು ವರ್ಷ ಚರ್ಮ ಕತ್ತರಿಸಿದವರು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಮಿಯಾವಾಕಿಯವರೇ ಎಲ್ಲ. ಚಾಪೆಯ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತು ನಗುತ್ತಿದ್ದರು. ಸುತ್ತ ನೆಂಟರು. ಅಜ್ಜನ ವಯಸ್ಸಿನವರೊಬ್ಬರು ಅವರ ಪಾದವನ್ನು ಬೆರಳಿಂದ ತಿವಿಯುತ್ತಿದ್ದರು, ಅಜ್ಜ ಅಯ್ಯಯ್ಯೋ ಎಂದು ಕೂಗುತ್ತಿದ್ದರು, ಎಲ್ಲರೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಜೋಮು ಹಿಡಿದವನ ಕಾಲು ತಿವಿಯದಿದ್ದರೆ ನಮ್ಮಲ್ಲಿ ತಿಥಿ ಪೂರ್ತಿಯಾದ ಹಾಗಲ್ಲ.

ಠಾಣಾಧಿಕಾರಿಯ ಎದುರು ಚುರುಕಾಗಿ ಕಾಣಬೇಕೆಂದು ನಾನು ಮೊಣಕಾಲೂರಿ ಅಜ್ಜನ ಬಲಗಾಲು ಹಿಡಿದು ಉಜ್ಜತೊಡಗಿದೆ. ಅಜ್ಜ ಕಿರುಚಿದರು. ನಾನು ಇನ್ನಷ್ಟು ಉಜ್ಜಿದೆ.

ಮಿತಾನಿ ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಸರಿಸಿದರು. ಒಂದು ಬೆರಳಿನಿಂದ ಬಲ ಪಾದ ತಿವಿದರು. "ಅಯ್ಯೋ!" ಎಡ ಪಾದ ತಿವಿದರು. ಅಜ್ಜ ಅವರ ಮುಖ ನೋಡುತ್ತ ಸುಮ್ಮನೆ ಕೂತಿದ್ದರು.

"ಅಜ್ಜಾ, ಎರಡೂ ಕಾಲನ್ನ ಒಟ್ಟಿಗೆ ಮಡಚಿ ಕೂತಿದ್ರಿ ಅಲ್ವಾ?"

"ಹೌದಮ್ಮ. ಒಂದೇ ಕಾಲು ಮಡಚಿ ಕೂರೋದು ಕೊಕ್ಕರೆ."

"ಬಲಗಾಲು ಕೂಗ್ತು. ಎಡಗಾಲು ಯಾಕೆ ಸುಮ್ನಿದೆ?"

ನಗು ನಿಂತಿತು. ತಿವಿಯುತ್ತಿದ್ದವರು ಬೆರಳನ್ನು ಒಳಗೆಳೆದುಕೊಂಡರು.

"ಎರಡೂ ಕೈ ಮುಂದೆ ಚಾಚಿ ನೋಡೋಣ. ಕೈಗವಸಿಗೆ ಅಳತೆ ಕೊಡ್ತೀರಲ್ಲ, ಹಾಗೆ."

"ನಿಂಗೆ ಅಳತೆ ತಗೊಳ್ಳೋಕೆ ಬರುತ್ತಾ? ನೀನು ಹಾಕ್ಕೊಂಡಿರೋ ಗವಸಿಗೆ ಒಂದು ಹೊಲಿಗೆನೂ ಇಲ್ಲ." ಬೈಯುತ್ತಲೇ ಕೈ ಚಾಚಿದರು. ಬಲಗೈ ನಿಂತಿತು. ಎಡಗೈ ನಿಧಾನವಾಗಿ ಇಳಿದು ಚಾಪೆಯ ಮೇಲೆ ಕೂತಿತು. ಅಜ್ಜನಿಗೆ ಅದು ಗೊತ್ತೇ ಆಗಲಿಲ್ಲ. "ಚಾಚಿದೀನಲ್ಲ ಎರಡನ್ನೂ," ಎಂದರು. ಅವರ ನಗು ಬಾಯಿಯ ಅರ್ಧಕ್ಕೆ ಮಾತ್ರ ಬರುತ್ತಿತ್ತು. ಇಷ್ಟು ಹೊತ್ತು ನಾವೆಲ್ಲ ನೋಡಿ ನಕ್ಕಿದ್ದು ಆ ನಗುವನ್ನೇ.

"ಇವರು ಸರಿಯಾಗಿ ನಡೆದದ್ದನ್ನ ಕೊನೇಲಿ ನೋಡಿದ್ದು ಯಾವಾಗ?" ಕ್ಯಾಪ್ಟನ್ನರ ದನಿ ಈಗ ಬೇರೆ.

"ಧೂಪ ಹಾಕೋಕೆ ಎದ್ದು ಹೋಗಿದ್ದ," ಎಂದರು ಮಿಯಾವಾಕಿ. "ಹತ್ತೂ ನಲವತ್ತು ಇರ್ಬೇಕು." ಅವರ ಮುಖದಲ್ಲಿ ಈಗ ಬಣ್ಣವಿರಲಿಲ್ಲ.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೊತ್ತೇ ಔಷಧಿ. ಕ್ಯಾಪ್ಟನ್ ಆಸ್ಪತ್ರೆಗೆ ಫೋನ್ ಮಾಡಿದರು, ಓನಿಶಿಯಣ್ಣ ಸ್ಟ್ರೆಚರ್ ತಂದರು. ಅಜ್ಜ ಮಾತ್ರ ಒಪ್ಪಲಿಲ್ಲ.

"ಅಣ್ಣನ ತಿಥಿ ಊಟ ಬಿಟ್ಟು ಎಲ್ಲಿಗೂ ಬರಲ್ಲ. ನಂಗೇನೂ ಆಗಿಲ್ಲ. ಆ ಗಾಡಿ ಹತ್ತಿದ ನಮ್ಮಣ್ಣ ವಾಪಸ್ ಬಂದಿದ್ದು ಬೂದಿಯಾಗಿ."

ಮಿಯಾವಾಕಿ ಬೇಡಿಕೊಂಡರು, ಗದರಿದರು. ಅಜ್ಜ ಬಲಗೈಯಿಂದ ಚಾಪೆಯ ಅಂಚು ಹಿಡಿದುಕೊಂಡರು. ಕ್ಯಾಪ್ಟನ್ ನನ್ನ ಕಡೆ ತಿರುಗಿದರು.

"ಇಲ್ಲಿ ಬೀಗ ಇಲ್ಲ, ಗ್ಯಾಸ್ ಇಲ್ಲ. ಮನಾಬೆ, ಚಪ್ಪಲಿ!"

ನಾನು ಬಾಗಿಲಿಗೆ ಓಡಿದೆ. "ಕ್ಯೂಹೇ ಅಜ್ಜನ ಶೂ ಯಾವುದು?" ಎಂದು ಅಲ್ಲಿದ್ದ ಹೆಂಗಸನ್ನು ಕೇಳಿದೆ. "ಕಪ್ಪು," ಎಂದರು. ನಲವತ್ತು ಜೊತೆ ಕಪ್ಪು. "ಮೊದಲನೇ ಸಾಲಲ್ಲಿ ಬಿಟ್ಟಿದ್ರು," ಎಂದರು ಇನ್ನೊಬ್ಬರು. ಬಿಟ್ಟಾಗ ಯಾವುದು ಮೊದಲನೆಯ ಸಾಲೋ ಅದು ತಿರುಗಿಸಿಟ್ಟ ಮೇಲೆ ಕೊನೆಯದಾಗಿತ್ತು ಎಂಬ ಲೆಕ್ಕ ಆಮೇಲೆ ಹೊಳೆಯಿತು. ಮನೆಯ ಹಿರಿಯರ ಶೂ ಚೆನ್ನಾಗಿರಬೇಕು ಎಂದುಕೊಂಡು ಮೊದಲ ಸಾಲಿನಲ್ಲಿ ಎಲ್ಲಕ್ಕಿಂತ ಹೊಳೆಯುವ ಜೊತೆಯನ್ನು ಎತ್ತಿಕೊಂಡು ಬಂದೆ.

ಕ್ಯಾಪ್ಟನ್ ಅದನ್ನು ಅಜ್ಜನ ಕಣ್ಣ ಮುಂದೆ ಹಿಡಿದರು. "ನೋಡಿ ಅಜ್ಜಾ, ನಿಮ್ಮ ಶೂ. ಇದು ನಿಮ್ಮ ಜೊತೆನೇ ಬರುತ್ತೆ, ಮಂಚದ ಕೆಳಗೇ ಇರುತ್ತೆ. ಬೂದಿಗೆ ಯಾರಾದ್ರೂ ಶೂ ತಗೊಂಡು ಹೋಗ್ತಾರಾ?"

ಅಜ್ಜ ಶೂಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಬಾಯಿಯ ಅರ್ಧದಲ್ಲಿ ಒಂದು ವಿಚಿತ್ರ ನಗು ಹರಡಿತು. ಚಾಪೆ ಬಿಟ್ಟರು.

"ಸರಿ, ನಡೀರಿ," ಎಂದರು.

ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ಅವರನ್ನು ಆಸ್ಪತ್ರೆಗೆ ಒಪ್ಪಿಸಿದೆವು. ಹೆಪ್ಪು ಕರಗಿಸುವ ಔಷಧಿ ಕೊಡಲು ಹೊತ್ತು ಮೀರಿಲ್ಲ ಎಂದರು ಡಾಕ್ಟರು. ನಾವು ಹೊರಗೆ ಸ್ಟ್ರೆಚರ್ ಒರೆಸುತ್ತಿದ್ದೆವು. ಶೂಗಳು ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಕೈಯಲ್ಲಿದ್ದವು, ವಾರ್ಡಿಗೆ ಕೊಡಬೇಕಿತ್ತು. ಅಷ್ಟರಲ್ಲಿ ಮಿಯಾವಾಕಿಯವರ ಕಾರು ಬಂತು.

"ಮನಾಬೆ," ಎಂದರು ಓನಿಶಿಯಣ್ಣ ತುಟಿ ಅಲ್ಲಾಡಿಸದೆ, "ಸಾಹೇಬ್ರ ಕಾಲು ನೋಡ್ಬೇಡ."

ನೋಡಿದೆ. ಕಪ್ಪು ಸೂಟು, ಕಪ್ಪು ಟೈ, ಕೆಳಗೆ ತಿಳಿನೀಲಿ ಪ್ಲಾಸ್ಟಿಕ್ ಚಪ್ಪಲಿ. ಬಲಗಾಲಿನದರ ಮೇಲೆ ಗುಡಿಯ ಹೆಸರು, ಎಡಗಾಲಿನದರ ಮೇಲೆ 'ಪಾಯಿಖಾನೆ'.

"ಗಡಿಬಿಡೀಲಿ ಶೂ ಸಿಗ್ಲಿಲ್ಲ," ಎಂದರು ಯಾರ ಮುಖವನ್ನೂ ನೋಡದೆ. "ಯಾವನೋ ಕತ್ತೆ ನನ್ನದನ್ನ ಹಾಕ್ಕೊಂಡು ಹೋ‍ಗಿದಾನೆ. ಚಿಕ್ಕಪ್ಪ ಹೇಗಿದಾನೆ?"

ನಾನು ಚೀಲದೊಳಗೆ ಇಣುಕಿದೆ. ಶೂವಿನೊಳಗೆ ಅಳತೆ ಇಪ್ಪತ್ತೆಂಟು ಸೆಂಟಿಮೀಟರು, ದೊಡ್ಡ ಆಳಿನದು. ಕ್ಯೂಹೇ ಅಜ್ಜ ಮಿತಾನಿ ಕ್ಯಾಪ್ಟನ್ನರಿಗಿಂತ ನಾಲ್ಕು ಬೆರಳು ಎತ್ತರ, ಅಷ್ಟೇ. ಕಣ್ಣ ಮುಂದೆ ಆ ಮೂವತ್ತು ಮೀಟರಿನ ಏಣಿ ತಾನಾಗಿಯೇ ಎದ್ದು ನಿಂತಿತು.

"ಸಾರ್," ಎಂದೆ, "ಹಾಕ್ಕೊಂಡು ಹೋಗಿಲ್ಲ ಸಾರ್. ಎತ್ಕೊಂಡು ಬಂದಿದೀನಿ."

ನಾನು ಕ್ಯಾಪ್ಟನ್ನರನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಆ ನೀಲಿ ಚಪ್ಪಲಿಗಳನ್ನು ನೋಡುತ್ತಿದ್ದರು. ಒರೆಸುತ್ತಿದ್ದ ಕೈ ನಿಂತುಬಿಟ್ಟಿತ್ತು. ಆಮೇಲೆ ಸೊಂಟದಿಂದ ಬಾಗಿದರು.

"ತಪ್ಪು ನನ್ನದು ಸಾರ್. ನೋಡದೆ ತಗೊಂಡೆ. ಆದ್ರೆ ಅಜ್ಜ ಗಾಡಿ ಹತ್ತಿದ್ದು ಈ ಶೂ ನೋಡಿ. ಮಂಚದ ಕೆಳಗೆ ಇರುತ್ತೆ ಅಂತ ಮಾತು ಕೊಟ್ಟಿದೀನಿ. ಇವತ್ತೊಂದಿನ ಅಲ್ಲಿ ಇರ್ಲಿ."

ಮಿಯಾವಾಕಿ ಚೀಲ ನೋಡಿದರು, ಆಸ್ಪತ್ರೆಯ ಬಾಗಿಲು ನೋಡಿದರು. "ಇರ್ಲಿ," ಎಂದರು.

"ನೀವೂ ಇದ್ರಲ್ಲಿ ಮನೆಗೆ ಹೋಗ್ಬಾರ್ದು," ಎಂದರು ಕ್ಯಾಪ್ಟನ್. "ಮನಾಬೆ, ಬೂಟು ಬಿಚ್ಚು."

ಹೀಗೆ ಠಾಣಾಧಿಕಾರಿ ನನ್ನ ಜಿಪ್ಪಿನ ಬೂಟು ಹಾಕಿಕೊಂಡು ಒಳಗೆ ಹೋದರು. ನಾನು ಪಾಯಿಖಾನೆಯ ಚಪ್ಪಲಿಯಲ್ಲಿ ಠಾಣೆಗೆ ಮರಳಿದೆ. ಕೆಂಪು ಗಾಡಿಯವರು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಉದೋನ್ ಒಂದೇ ಮುದ್ದೆಯಾಗಿತ್ತು. ಕಡ್ಡಿಯಿಂದ ಎತ್ತಿದರೆ ಬಟ್ಟಲೂ ಜೊತೆಗೆ ಬಂತು.

ಮರುದಿನ ಬೆಳಿಗ್ಗೆ ನನ್ನ ಬೂಟುಗಳು ಬೀರುವಿನ ಮುಂದಿದ್ದವು. ಮುಖ ನೋಡಿ ಕ್ಷೌರ ಮಾಡಿಕೊಳ್ಳಬಹುದು, ಹಾಗೆ ಪಾಲಿಶ್ ಮಾಡಲಾಗಿತ್ತು. ಚೀಟಿ ಇರಲಿಲ್ಲ.

"ಏಣಿ ಹತ್ತೋಕೆ ರೆಡಿ ಮಾಡಿ ಕಳ್ಸಿದಾರೆ," ಎಂದರು ಓನಿಶಿಯಣ್ಣ.

ನನಗೂ ಹಾಗೇ ಅನಿಸಿತು. ಮಾರ್ಚ್ ಹತ್ತು ಕಳೆಯಿತು, ಇಪ್ಪತ್ತು ಕಳೆಯಿತು. ಅರ್ಜಿ ಅಲ್ಲೇ ಇತ್ತು, ಮುದ್ರೆ ಇರಲಿಲ್ಲ. ಠಾಣಾಧಿಕಾರಿ ನನ್ನನ್ನು ಕಂಡರೆ ಬೇರೆ ಕಾರಿಡಾರು ಹಿಡಿಯುತ್ತಿದ್ದರು. ಅವರು ದಿನಾ ಆಸ್ಪತ್ರೆಗೆ ಹೋಗುತ್ತಾರೆ, ಅಜ್ಜನ ಸರಿಯಾದ ಶೂ ಕೊಟ್ಟು ತಮ್ಮದನ್ನು ಕೇಳುತ್ತಾರೆ, ಅಜ್ಜ ಕೊಡುವುದಿಲ್ಲ ಎಂಬುದು ಮಾತ್ರ ಹೇಗೋ ನಮ್ಮ ಅಡುಗೆಮನೆಗೆ ತಲುಪಿತ್ತು. ನಾನು ಊಟದ ಬಿಡುವಿನಲ್ಲಿ ಕುರ್ಚಿಯ ಮೇಲೆ ನಿಂತು ಎತ್ತರದ ಅಭ್ಯಾಸ ಮಾಡತೊಡಗಿದೆ. ಎರಡನೆಯ ದಿನ ಕುರ್ಚಿಯಿಂದ ಬಿದ್ದೆ.

ವರ್ಗಾವಣೆಯ ಪಟ್ಟಿ ಹೊರಡಲು ಎರಡು ದಿನವಿದ್ದಾಗ ಠಾಣೆಯ ಮುಂದೆ ಟ್ಯಾಕ್ಸಿ ನಿಂತಿತು. ಮೊದಲು ಒಂದು ಊರುಗೋಲು ಇಳಿಯಿತು, ಆಮೇಲೆ ಹೊಳೆಯುವ ದೊಡ್ಡ ಕಪ್ಪು ಶೂ, ಅದರೊಳಗೆ ಕ್ಯೂಹೇ ಅಜ್ಜ. ಆಸ್ಪತ್ರೆಯಿಂದ ಅರ್ಧ ದಿನದ ರಜೆ ಪಡೆದು ಬಂದಿದ್ದರು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಪ್ರತಿ ಹೆಜ್ಜೆಗೂ ಶೂವಿನೊಳಗೆ ತುರುಕಿದ ಹಳೆಯ ಪತ್ರಿಕೆ ಚರಚರ ಎನ್ನುತ್ತಿತ್ತು. ಮಿತಾನಿ ಕ್ಯಾಪ್ಟನ್ ಬಾಗಿಲಲ್ಲಿ ನಿಂತಿದ್ದರು. ಹಿಡಿದುಕೊಳ್ಳಲು ಕೈ ಮುಂದೆ ಮಾಡಲಿಲ್ಲ. ಅಜ್ಜನ ಹೆಜ್ಜೆಗಳನ್ನು ಎಣಿಸುವವರ ಹಾಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಮಿಯಾವಾಕಿ ಕೋಣೆಯಿಂದ ಓಡಿ ಬಂದರು. "ಚಿಕ್ಕಪ್ಪಾ! ಒಬ್ಬನೇ ಯಾಕೆ ಬಂದೆ? ನಾನೇ ಬರ್ತಿದ್ನಲ್ಲ."

"ನಾನೇ ನಡ್ಕೊಂಡು ಬಂದು ಕೊಡ್ತೀನಿ ಅಂದಿದ್ನಲ್ಲ, ಬಂದೆ. ತಗೋ ನಿನ್ನ ಶೂ." ಕುರ್ಚಿಯ ಮೇಲೆ ಕೂತು ಉಸಿರು ಬಿಟ್ಟರು. "ಎಲ್ಲಿ ಆ ಶೂ ಕಳ್ಳ?"

ನಾನು ಮುಂದೆ ಬಂದು ಬಾಗಿದೆ.

"ಅಜ್ಜಾ, ಕ್ಷಮಿಸಿ. ನಿಮ್ಮದು ಅಂದ್ಕೊಂಡಿದ್ದೆ."

"ನನ್ನ ಶೂನಲ್ಲಿ ಧೂಳು ಕಾಣುತ್ತೆ, ಇವನದ್ರಲ್ಲಿ ಮುಖ ಕಾಣುತ್ತೆ. ನೋಡಿದ್ ತಕ್ಷಣ ಗೊತ್ತಾಯ್ತು ನಂಗೆ." ಅಜ್ಜನ ನಗು ಈಗ ಮುಕ್ಕಾಲು ಬಾಯಿಗೆ ಬಂದಿತ್ತು. "ಈ ಮಹಾಶಯ ಎಲ್ಲರ ಮುಂದೆ ಇನ್ನು ಏನು ಮೆಟ್ಕೊಂಡು ಓಡಾಡ್ತಾನೆ ನೋಡ್ಬೇಕು ಅಂತ ಆಸೆ ಆಯ್ತು. ಅದನ್ನ ನೋಡೋಕಾದ್ರೂ ಬದುಕಬೇಕಲ್ಲಪ್ಪ. ಅದಕ್ಕೇ ಗಾಡಿ ಹತ್ತಿದೆ. ಏನು ಮೆಟ್ಕೊಂಡಿದ್ದ?"

"ನನ್ನ ಬೂಟು ಅಜ್ಜಾ," ಎಂದೆ. ಅದಕ್ಕೂ ಮುಂಚಿನದನ್ನು ಹೇಳಲಿಲ್ಲ. ನನಗೂ ಸ್ವಲ್ಪ ಬುದ್ಧಿಯಿದೆ.

ಮಿಯಾವಾಕಿ ಕೆಮ್ಮಿದರು. "ಮನಾಬೆ, ಅವತ್ತು ನೀನು ಯಾವ ಕಾಲು ಉಜ್ಜಿದೆ?"

"ಬಲಗಾಲು ಸಾರ್."

"ತಪ್ಪು ಕಾಲು."

"ಹೌದು ಸಾರ್."

"ನೀನು ತಪ್ಪು ಕಾಲನ್ನಾದ್ರೂ ಮುಟ್ಟಿದೆ. ನಾನು ನಿಂತ್ಕೊಂಡು ನಗ್ತಿದ್ದೆ. ಮೂವತ್ತನಾಲ್ಕು ವರ್ಷದ ಸರ್ವಿಸು." ಅವರು ಅಜ್ಜನ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ಒಳಗೆ ಹೋಗಿ ಅರ್ಜಿ ತಂದು ಎಲ್ಲರ ಎದುರು ಮೇಜಿನ ಮೇಲಿಟ್ಟರು. ಮುದ್ರೆಯನ್ನು ಕೆಂಪು ಶಾಯಿಗೆ ಅದ್ದಿ ಒತ್ತಿದರು. "ಸರಿಯಾದ ಕಾಲು ಯಾವುದು ಅಂತ ಆರು ತಿಂಗಳಲ್ಲಿ ಕಲಿಸ್ತಾರಂತೆ. ಹೋಗಿ ಕಲ್ತು ಬಾ. ಶೂನೂ ಕಲಿಸ್ತಾರಾ ಕೇಳು."

"ಅದನ್ನ ನಾನು ಕಲಿಸ್ತೀನಿ ಸಾರ್," ಎಂದರು ಮಿತಾನಿ ಕ್ಯಾಪ್ಟನ್. ಅವರು ಆಗಲೇ ನೆಲದ ಮೇಲೆ ಕೂತು ಅಜ್ಜನ ಕಾಲಿಂದ ದೊಡ್ಡ ಶೂ ಬಿಡಿಸಿ, ಮಿಯಾವಾಕಿ ಒಳಗಿಂದ ತಂದಿದ್ದ ಅಜ್ಜನ ಸ್ವಂತದ, ಧೂಳು ಹಿಡಿದ, ಪುಟ್ಟ ಶೂಗಳನ್ನು ಬಾಗಿಲ ಕಡೆಗೆ ಮೂತಿ ಮಾಡಿ ಇಡುತ್ತಿದ್ದರು.

ಏಪ್ರಿಲ್ ಮೊದಲ ವಾರ ಹೊರಟೆ. ರೈಲಿಗೆ ಮುಂಚೆ ಠಾಣೆಗೆ ಹೋಗಿ ಎಲ್ಲರಿಗೂ ಹೇಳಿ ಬಂದೆ. ನನ್ನ ಕೈಯಾರೆ ಉದೋನ್ ಬೇಯಿಸಿ, ಡ್ಯೂಟಿಯಿಲ್ಲದವನ ಸಮಾಧಾನದಿಂದ ಸೊರ್ ಎಂದು ತಿಂದೆ. ಬಿಳಿ ಗಾಡಿಯ ಹೊಸ ಹುಡುಗ ಎರಡನೆಯ ತುತ್ತಿಗೇ ಎದ್ದು ಓಡಿದ್ದನ್ನು ನೋಡಿ ಅಯ್ಯೋ ಪಾಪ ಎಂದೆ. ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತಿರುವಾಗ ಪಕ್ಕದ ಹೆಂಗಸೊಬ್ಬರು ನನ್ನ ಕಾಲನ್ನೇ ನೋಡುತ್ತಿದ್ದರು. ನಾನೂ ನೋಡಿಕೊಂಡೆ. ಠಾಣೆಯ ಸ್ನಾನದ ಮನೆಯ ರಬ್ಬರ್ ಚಪ್ಪಲಿ.

ಮೆಟ್ಟಿಲ ಮೇಲೆ ಮಿತಾನಿ ಕ್ಯಾಪ್ಟನ್ ಕಾಣಿಸಿದರು. ಅವರಿಗೆ ಅಂದು ರಜೆ. ಹೂವಿನ ಬಟ್ಟೆ ಹಾಕಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಓನಿಶಿಯಣ್ಣ ಫೋನ್ ಮಾಡಿದ್ದರಂತೆ.

"ಬೀಗ?" ಎಂದರು.

"ರೂಮಿಗೆ ಹಾಕಿದೀನಿ."

"ಗ್ಯಾಸು?"

ಉದೋನ್ ಬೇಯಿಸಿದ ಒಲೆ ಕಣ್ಣ ಮುಂದೆ ಬಂತು.

"ಸಾಹೇಬ್ರು ಆರಿಸಿದ್ರು," ಎಂದರು. "ಏಪ್ರಿಲ್ ತಿಂಗಳ ಮೊದಲನೇ ಬೆಂಕಿ ಅಂತ ನಗ್ತಿದ್ರು."

ಮೂರನೆಯದನ್ನು ಕೇಳಲಿಲ್ಲ. ಚೀಲದಿಂದ ನನ್ನ ಶೂ ತೆಗೆದು ಪ್ಲಾಟ್‌ಫಾರಂ ಮೇಲೆ ಜೋಡಿಸಿಟ್ಟರು. ರೈಲು ಬಂದು ನಿಂತಿತು. ನಾನು ಶೂ ಮೆಟ್ಟಿಕೊಂಡು ಬಾಗಿದೆ. ತಲೆ ಎತ್ತುವಷ್ಟರಲ್ಲಿ ಅವರು ರಬ್ಬರ್ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು.

"ಇವು ಠಾಣೆಯವು ಕಣೋ," ಎಂದು ಹಿಂದೆ ತಿರುಗದೆ ಕೂಗಿದರು. "ನೀನು ಬಂದಾಗ ಬೇಕಾಗುತ್ತೆ."